ಅಪರೂಪದ ಹೆಸರಿನ ಅರ್ಥವನ್ನು ನಾನು ಪರೀಕ್ಷಿಸುವ ಬಗೆ

ಮಗುವಿಗೆ ಅಪರೂಪದ ಹೆಸರು ಬೇಕೆಂದು ಯಾರಾದರೂ ಪಟ್ಟಿ ಹಿಡಿದು ಬಂದರೆ, ಹೆಸರನ್ನು ಕನ್ನಡದಲ್ಲಿ ಬರೆದುಕೊಡಿ ಎಂದು ಮೊದಲು ಕೇಳುತ್ತೇನೆ. ಇಂಗ್ಲಿಷ್ ಅಕ್ಷರದಲ್ಲಿ ಹ್ರಸ್ವ ದೀರ್ಘ, ಲ ಳ, ತ ಟ ಯಾವುದೂ ಉಳಿಯುವುದಿಲ್ಲ. ಅರ್ಥ ನಿಂತಿರುವುದೇ ಅವುಗಳ ಮೇಲೆ.

'ಆರವ' ತೆಗೆದುಕೊಳ್ಳಿ. ಪಟ್ಟಿಗಳು 'ಶಾಂತ' ಎಂದು ಅರ್ಥ ಕೊಡುತ್ತವೆ. ಸಂಸ್ಕೃತದ ಹಳೆಯ ಪರ್ಯಾಯಪದಗಳ ಕೋಶವಾದ ಅಮರಕೋಶ ತೆರೆದರೆ ಆರವ, ಆರಾವ, ಸಂರಾವ, ವಿರಾವ ಇಷ್ಟೂ ಶಬ್ದ ಎಂಬ ಅರ್ಥದ ಪದಗಳ ಸಾಲಿನಲ್ಲೇ ಇವೆ. ರವ ಎಂದರೆ ಸದ್ದು, ಹಕ್ಕಿಗಳ ಕಲರವದಲ್ಲಿರುವುದೂ ಅದೇ. 'ಆ' ಉಪಸರ್ಗ ಸೇರಿದ ಮಾತ್ರಕ್ಕೆ ಸದ್ದು ಅಡಗುವುದಿಲ್ಲ. ಸದ್ದಿಲ್ಲದವನು ಎನ್ನಬೇಕಾದರೆ ಹ್ರಸ್ವದ 'ಅರವ' ಆಗಬೇಕು. ದನಿ ಎಂಬ ಅರ್ಥವೂ ಚೆಂದವೇ. ಆರವ ಎಂದು ಧಾರಾಳವಾಗಿ ಇಡಬಹುದು. ಶಾಂತ ಎಂದುಕೊಂಡು ಮಾತ್ರ ಇಡಬೇಡಿ. ಹೀಗೆಯೇ ವಿದುರ ಎಂದರೆ ಬಲ್ಲವನು, ವಿಧುರ ಎಂದರೆ ಹೆಂಡತಿಯನ್ನು ಕಳೆದುಕೊಂಡವನು. ಅನಿಲ ಗಾಳಿ, ಅನಲ ಬೆಂಕಿ.

ಕಾಗುಣಿತ ಖಚಿತವಾದ ಮೇಲೆ ನಿಘಂಟು. ಸಂಸ್ಕೃತದ್ದೆಂದು ಹೇಳುವ ಹೆಸರಿಗೆ ಆಪ್ಟೆ ಅಥವಾ ಮೋನಿಯರ್ ವಿಲಿಯಮ್ಸ್, ಕನ್ನಡದ್ದಕ್ಕೆ 1894ರ ಕಿಟೆಲ್ ಮತ್ತು ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು. ಹುಡುಕುವಾಗ ಎರಡು ಕಡೆ ಎಡವುತ್ತಾರೆ. ಸಂಸ್ಕೃತದ ಆಕಾರಾಂತ ಪದ ಕನ್ನಡಕ್ಕೆ ಬಂದಾಗ ಸಾಮಾನ್ಯವಾಗಿ ಎಕಾರಾಂತವಾಗುತ್ತದೆ: ನಿಶಾ ನಿಶೆಯಾಗುತ್ತದೆ, ಉಷಾ ಉಷೆಯಾಗುತ್ತದೆ. ಕನ್ನಡ ನಿಘಂಟಿನಲ್ಲಿ ಎಕಾರದ ರೂಪವನ್ನೇ ನೋಡಬೇಕು. ಎರಡನೆಯದು ಹಳಗನ್ನಡದ ಱ, ೞ. ಕಿಟೆಲ್‌ನಲ್ಲಿ ಈ ಅಕ್ಷರಗಳಿರುವ ಪದ ಇಂದಿನ ರ, ಳ ಹಾಕಿ ಹುಡುಕಿದರೆ ಕೆಲವೊಮ್ಮೆ ಸಿಗದು.

ನಿಘಂಟಿನಲ್ಲಿ ನೇರವಾಗಿ ಸಿಗದ ಹೆಸರನ್ನು ಬಿಡಿಸಿ ನೋಡುತ್ತೇನೆ. 'ನೈಶಾ'ಕ್ಕೆ ವಿಶೇಷ, ಸುಂದರ ಹೂವು ಎಂದೆಲ್ಲ ಬರೆದಿರುತ್ತಾರೆ. ನಿಶೆಗೆ ತದ್ಧಿತ ಪ್ರತ್ಯಯ ಸೇರಿ ಮೊದಲ ಸ್ವರಕ್ಕೆ ವೃದ್ಧಿಯಾದರೆ, ಎಂದರೆ ಇಕಾರ ಐಕಾರವಾದರೆ, ನೈಶ, ಅಂದರೆ ರಾತ್ರಿಗೆ ಸಂಬಂಧಿಸಿದ್ದು. ಹೂವಿಗೆ ಅಲ್ಲಿ ಜಾಗವಿಲ್ಲ. ಅದರ ಸ್ತ್ರೀಲಿಂಗವೂ ವ್ಯಾಕರಣದ ಪ್ರಕಾರ ನೈಶೀ. 'ಅಂಶ'ದಲ್ಲಿ ಮುಗಿಯುವ ಹೆಸರುಗಳಿಗೆ ವಿಗ್ರಹವಾಕ್ಯ ಹೇಳಿ ನೋಡಿದರೆ ಸಾಕು. ಶಿವಾಂಶ, ಶಿವನ ಅಂಶ: ಸರಿ. ರಿಯಾಂಶ? 'ರಿಯ' ಯಾರು, ಯಾವುದು ಎಂಬ ಪ್ರಶ್ನೆಗೆ ಸಂಸ್ಕೃತದಲ್ಲಿ ಉತ್ತರ ಸಿಗುವುದಿಲ್ಲ. ಹೊಸದಾಗಿ ಕಟ್ಟಿದ ಹೆಸರು ಇಡುವುದು ತಪ್ಪಲ್ಲ. ವನೆಸ್ಸಾ ಕೂಡ ಲೇಖಕ ಜೋನಾಥನ್ ಸ್ವಿಫ್ಟ್ ತನ್ನ ಗೆಳತಿಯ ಹೆಸರಿನ ತುಣುಕುಗಳನ್ನು ಜೋಡಿಸಿ ಕಟ್ಟಿದ್ದು. ಕಟ್ಟಿದ್ದನ್ನು ಕಟ್ಟಿದ್ದೆಂದೇ ಹೇಳಬೇಕು, ವೇದದ ಮುದ್ರೆ ಒತ್ತಬಾರದು.

ಪಟ್ಟಿಗಳಲ್ಲಿ ಸಂಸ್ಕೃತದ ವೇಷದಲ್ಲಿರುವ ಕೆಲವು ಹೆಸರುಗಳು ಬೇರೆ ನಾಡಿನವು. ಕಿಯಾನ್ ಪರ್ಷಿಯನ್ ಭಾಷೆಯಲ್ಲಿ ಪುರಾಣಕಾಲದ ಕಯಾನಿ ಅರಸರಿಗೆ ಸೇರಿದ್ದು; ಐರಿಷ್‌ನಲ್ಲಿ ಇದನ್ನೇ ಹೋಲುವ ಹೆಸರಿಗೆ ಪ್ರಾಚೀನ ಎಂಬ ಅರ್ಥ. ಕಿಯಾರಾ ಇಟಲಿಯದ್ದಾದರೆ ಬೆಳಗುವವಳು. ಅದೇ ದನಿಯ ಐರಿಷ್ ಹೆಸರು ಕಪ್ಪು ಬಣ್ಣದ ಪದದಿಂದ ಬಂದದ್ದು. ಎರಡು ಮೂಲ ಕಂಡರೆ ಎರಡನ್ನೂ ಬರೆದುಕೊಡುತ್ತೇನೆ, ಆಯ್ಕೆ ಹೆತ್ತವರದು. ಹೊಸದಾಗಿ ಕಾಣುವ ಹೆಸರೆಲ್ಲ ಪೊಳ್ಳೂ ಅಲ್ಲ. ವಿಹಾನ್ ಬೆಳಗು ಎಂಬ ಅರ್ಥದಲ್ಲಿ ನಿಲ್ಲುತ್ತದೆ. ಉತ್ತರದ ಭೋಜಪುರಿಯಂಥ ನುಡಿಗಳಲ್ಲಿ ಬಿಹಾನ್ ಇಂದಿಗೂ ಬೆಳಗಿನ ಹೊತ್ತೇ.

ನಿಜಕ್ಕೂ ಅಪರೂಪದ್ದು ಬೇಕೆಂದರೆ ನಾನು ಹಳಗನ್ನಡದ ಕಡೆಗೆ ಕೈ ತೋರಿಸುತ್ತೇನೆ. ಇಷ್ಟು ದೊಡ್ಡ ಕಣಜ ಮನೆಯಲ್ಲೇ ಇದ್ದೂ ಜನ ತೆರೆದು ನೋಡುವುದಿಲ್ಲ ಎಂಬುದು ನನ್ನ ಬೇಸರ. ನೇಸರ ಸೂರ್ಯ, ಎಲರ್ ತಂಗಾಳಿ, ಅಲರ್ ಹೂವು, ಐಸಿರಿ ಐಶ್ವರ್ಯದ ತದ್ಭವ. ಇಂಚರ ನನಗೆ ಬಹಳ ಇಷ್ಟ. ಇನ್ ಎಂದರೆ ಇನಿದು, ಸರ ಎಂದರೆ ಸ್ವರ. ಸಂಧಿಯಲ್ಲಿ ಸಕಾರಕ್ಕೆ ಚಕಾರ ಆದೇಶವಾಗಿ ಇನ್+ಸರ ಇಂಚರವಾಗುತ್ತದೆ, ಇಂಪಾದ ದನಿ. ಇವು ವ್ಯಾಕರಣದಲ್ಲಿ ನಪುಂಸಕಲಿಂಗವಾದ್ದರಿಂದ ಗಂಡುಮಗುವಿಗೂ ಹೆಣ್ಣುಮಗುವಿಗೂ ಹೊಂದುತ್ತವೆ. ತೊಡಕು ವ್ಯಂಜನಾಂತಗಳಲ್ಲಿ: ಎಲರ್, ಅಲರ್ ಎಂಬವುಗಳನ್ನು ಕರೆಯುವಾಗ ಜನ ಉಕಾರ ಸೇರಿಸಿಯೇ ಸೇರಿಸುತ್ತಾರೆ. ಎಲರು, ಅಲರು ಎಂದು ಹತ್ತು ಸಲ ಜೋರಾಗಿ ಕೂಗಿ ನೋಡಿ, ಕಿವಿಗೆ ಹಿಡಿಸಿದರೆ ಇಡಿ. ನೆರೆಯ ಭಾಷೆಯಲ್ಲಿ ಏನಾಗುತ್ತದೆ ಎಂಬುದನ್ನೂ ನೋಡಬೇಕು. ಅಲರ್ ತಮಿಳಿನಲ್ಲೂ ಹೂವೇ, ಆದರೆ ಸಂಗಂ ಕಾವ್ಯದಲ್ಲಿ ಪ್ರೇಮಿಗಳ ಬಗ್ಗೆ ಊರವರು ಆಡಿಕೊಳ್ಳುವ ಮಾತಿಗೂ ಅದೇ ಪದ.

ಅವಸರ ಮಾಡುವ ಅಗತ್ಯವಿಲ್ಲ. ಜನನ ನೋಂದಣಿಯನ್ನು 21 ದಿನದೊಳಗೆ ಮಾಡಿಸಬೇಕು, ಹೆಸರಿಲ್ಲದೆಯೂ ಮಾಡಿಸಬಹುದು. ನೋಂದಣಿಯಾದ 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ. ಆಮೇಲೆ 15 ವರ್ಷದವರೆಗೆ ಶುಲ್ಕ ಕಟ್ಟಿ ಸೇರಿಸಬಹುದು. ಅರ್ಜಿ ಕೊಡುವ ಮುನ್ನ ಇಂಗ್ಲಿಷ್ ಕಾಗುಣಿತವನ್ನು ಕನ್ನಡ ಬಾರದ ಒಬ್ಬರ ಕೈಲಿ ಓದಿಸಿ. ಇಂಚರವನ್ನು ಇಂಚಾರ ಎಂದೋ ನೇಸರವನ್ನು ನೆಸರಾ ಎಂದೋ ಓದಿದರೆ, ಯಾವ ಅಕ್ಷರ ಬದಲಿಸಬೇಕೆಂಬುದು ಆಗಲೇ ಗೊತ್ತಾಗುತ್ತದೆ.