ಲ್ಯಾಪ್‌ಟಾಪ್ ಮಲಗಿದಾಗ ಎದ್ದಿರೋದು ಯಾರು?

ರಾತ್ರಿ ಲ್ಯಾಪ್‌ಟಾಪಿನ ಮುಚ್ಚಳ ಹಾಕುತ್ತೀರಿ. ಬೆಳಿಗ್ಗೆ ತೆರೆದರೆ ಮೂಲೆಯಲ್ಲಿ ಸರಿಯಾದ ಸಮಯ. ರಾತ್ರಿಯಿಡೀ ಪ್ರೊಸೆಸರ್ ಕೆಲಸ ನಿಲ್ಲಿಸಿತ್ತು ಅಲ್ವಾ, ಮತ್ತೆ ಗಂಟೆ ಎಣಿಸಿದ್ದು ಯಾರು? ಲಿನಕ್ಸ್ ಹಾಕಿದ ಲ್ಯಾಪ್‌ಟಾಪ್ ಇದ್ದರೆ ಹತ್ತು ನಿಮಿಷದಲ್ಲಿ ನೀವೇ ನೋಡಬಹುದು.

ಯಂತ್ರದಲ್ಲಿ ಗಡಿಯಾರ ಒಂದೇ ಇರುವುದಿಲ್ಲ. ಪ್ರೊಸೆಸರಿನೊಳಗೆ ಟಿಎಸ್‌ಸಿ ಎಂಬ ವೇಗದ ಎಣಿಕೆದಾರ, ಚಿಪ್‌ಸೆಟ್‌ನಲ್ಲಿ ಎಚ್‌ಪಿಇಟಿ ಎಂಬ ಟೈಮರ್. ಗಾಢ ನಿದ್ದೆಯಲ್ಲಿ ಇವಕ್ಕೆ ಕರೆಂಟ್ ಸಿಗದಿದ್ದರೆ ಅವುಗಳೊಳಗಿನ ಪುಟ್ಟ ನೆನಪಿನ ಜಾಗಗಳಾದ ರಿಜಿಸ್ಟರ್‌ಗಳಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ. ಆದ್ದರಿಂದ ಎದ್ದ ಮೇಲೆ ಲಿನಕ್ಸಿನ ತಿರುಳಾದ ಕರ್ನಲ್ ಅವನ್ನು ಹೊಸದಾಗಿ ಸೆಟ್ ಮಾಡಬೇಕು. ಆ ಭಾಗವನ್ನು ನೋಡಿಕೊಳ್ಳುವ ಪ್ರೋಗ್ರಾಂ, ಅಂದರೆ ಡ್ರೈವರ್, ಇದನ್ನು ಮರೆತರೆ ಪರದೆ ಹೊತ್ತಿಕೊಂಡರೂ ಯಂತ್ರ ಕಲ್ಲಿನಂತೆ ನಿಂತುಬಿಡಬಹುದು.

ಎದ್ದಿರುವುದು ಆರ್‌ಟಿಸಿ, ಅಂದರೆ ರಿಯಲ್ ಟೈಮ್ ಕ್ಲಾಕ್ ಎಂಬ ಬೇರೊಂದು ಗಡಿಯಾರ. ಸೆಕೆಂಡಿಗೆ 32,768 ಸಲ ಕಂಪಿಸುವ ಪುಟ್ಟ ಸ್ಫಟಿಕ ಇದರ ಜೀವ. ಆ ಸಂಖ್ಯೆಯನ್ನು 15 ಸಲ ಅರ್ಧ ಮಾಡಿ ನೋಡಿ, ಸರಿಯಾಗಿ ಒಂದು ಉಳಿಯುತ್ತದೆ, ಅಂದರೆ ಸೆಕೆಂಡಿಗೆ ಒಂದು ಎಣಿಕೆ. ಎಷ್ಟು ಕಡಿಮೆ ಕರೆಂಟ್ ಸಾಕೆಂದರೆ, ನಾಣ್ಯದಂಥ 3 ವೋಲ್ಟ್ ಸೆಲ್ ಇದನ್ನು ವರ್ಷಗಟ್ಟಲೆ ನಡೆಸುತ್ತದೆ.

ಈಗ ಪ್ರಯೋಗ. ತೆರೆದ ಫೈಲುಗಳನ್ನು ಸೇವ್ ಮಾಡಿ, ಟರ್ಮಿನಲ್ ತೆಗೆಯಿರಿ. ಆಜ್ಞೆಗಳನ್ನು ಇಲ್ಲಿ ಓದುವ ಹಾಗೆ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ. ಸ್ಲ್ಯಾಶ್, ಹೈಫನ್ ಎಂದಿರುವಲ್ಲಿ ಆ ಚಿಹ್ನೆ ಹಾಕಿ, ಅದರ ಮುಂಚೆ ಪದ ಮುಗಿದಿದ್ದರೆ ಜಾಗ ಬಿಡಿ, ಚಿಹ್ನೆಯ ನಂತರ ಬೇಡ; ‘ಪ್ರಾಕ್’ ಮತ್ತು ‘ಅಪ್‌ಟೈಮ್’ ನಡುವೆ ಮಾತ್ರ ಜಾಗವೇ ಬೇಡ.

ಮೊದಲು ‘ಕ್ಯಾಟ್ ಸ್ಲ್ಯಾಶ್ ಪ್ರಾಕ್ ಸ್ಲ್ಯಾಶ್ ಅಪ್‌ಟೈಮ್’. ಎರಡು ಸಂಖ್ಯೆ ಬರುತ್ತವೆ. ಮೊದಲನೆಯದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಯಂತ್ರ ಶುರುವಾಗಿ ಎಷ್ಟು ಸೆಕೆಂಡ್ ಆಯಿತು ಎಂಬ ಲೆಕ್ಕ ಅದು.

ಮುಂದೆ ‘ಸುಡೊ ಆರ್‌ಟಿಸಿವೇಕ್ ಹೈಫನ್ ಎಂ ಮೆಮ್ ಹೈಫನ್ ಎಸ್ 120’. ‘ಆರ್‌ಟಿಸಿವೇಕ್’ ಒಂದೇ ಪದ, ನಡುವೆ ಜಾಗ ಬೇಡ. ಪಾಸ್‌ವರ್ಡ್ ಕೊಟ್ಟೊಡನೆ ಪರದೆ ಕಪ್ಪಾಗುತ್ತದೆ. ಕೀ ಒತ್ತಬೇಡಿ, ಮೌಸ್ ಮುಟ್ಟಬೇಡಿ, ಸುಮ್ನೆ ಕಾಯಿರಿ. ಎರಡು ನಿಮಿಷಕ್ಕೆ ಅದೇ ಏಳುತ್ತದೆ. ಎಬ್ಬಿಸಿದ್ದು ಆರ್‌ಟಿಸಿಯ ಅಲಾರಂ.

ಕುತೂಹಲ ಇರುವುದು ಇಲ್ಲಿಂದ. ಮೊದಲಿನ ಆಜ್ಞೆಯನ್ನೇ ಮತ್ತೆ ಕೊಡಿ. ಚೀಟಿಯ ಸಂಖ್ಯೆಗಿಂತ 120ಕ್ಕೂ ಜಾಸ್ತಿ ಏರಿರುತ್ತದೆ. ಈಗ ಕರ್ನಲ್ಲಿನ ದಿನಚರಿ ನೋಡಿ: ‘ಸುಡೊ’ ಬರೆದು, ಜಾಗ ಬಿಟ್ಟು ಡಿ, ಎಂ, ಇ, ಎಸ್, ಜಿ ಎಂದು ಟೈಪ್ ಮಾಡಿ. ಕೊನೆಯ ಕಡೆ ‘ಸಸ್ಪೆಂಡ್ ಎಂಟ್ರಿ’, ‘ಸಸ್ಪೆಂಡ್ ಎಕ್ಸಿಟ್’ ಎಂಬ ಸಾಲುಗಳು ಸಿಗುತ್ತವೆ. ನನ್ನ ಲ್ಯಾಪ್‌ಟಾಪಿನಲ್ಲಿ ಇವೆರಡರ ಆರಂಭದಲ್ಲಿದ್ದ ಸೆಕೆಂಡ್ ಸಂಖ್ಯೆಗಳ ನಡುವಿನ ಅಂತರ ಮೂರು ಸೆಕೆಂಡೂ ಇರಲಿಲ್ಲ! ಎರಡು ನಿಮಿಷ ಎಲ್ಲಿ ಹೋಯಿತು?

ದಿನಚರಿಯ ಗಡಿಯಾರ ನಿದ್ದೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಪ್‌ಟೈಮ್ ಹಿಡಿಯುತ್ತದೆ. ರಾತ್ರಿ ಬಸ್ಸಿನಲ್ಲಿ ನಿದ್ದೆ ಹೋದವರು ಎಚ್ಚರವಾದಾಗ ‘ಯಾವೂರು ಬಂತು?’ ಎಂದು ಪಕ್ಕದವರನ್ನು ಕೇಳುತ್ತಾರಲ್ಲ, ಕರ್ನಲ್ ಸಾಮಾನ್ಯವಾಗಿ ಆರ್‌ಟಿಸಿಯನ್ನು ಹಾಗೆ ಕೇಳುತ್ತದೆ. ಮಲಗುವಾಗ ನೋಡಿದ ಸಮಯ, ಎದ್ದಾಗ ನೋಡಿದ ಸಮಯ, ಇವೆರಡರ ವ್ಯತ್ಯಾಸವನ್ನು ಕೂಡಿಸಿಕೊಳ್ಳುತ್ತದೆ.

2018ರಲ್ಲಿ ಲಿನಕ್ಸ್ 4.17 ತಯಾರಾಗುತ್ತಿದ್ದಾಗ, ನಿದ್ದೆ ಎಣಿಸದ ಗಡಿಯಾರವೂ ಎಣಿಸುವಂತೆ ಬದಲಾಯಿಸಿ ನೋಡಿದರು. ಯಂತ್ರ ಎದ್ದ ಕೂಡಲೇ ಕೆಲವು ಪ್ರೋಗ್ರಾಂಗಳು ‘ಅಯ್ಯೋ, ಹೊತ್ತು ಮೀರಿತು’ ಎಂದು ಗಾಬರಿಬಿದ್ದವು. ಬಿಡುಗಡೆಗೆ ಮುಂಚೆಯೇ ಬದಲಾವಣೆ ವಾಪಸ್ ಆಯಿತು. ಎರಡು ಲೆಕ್ಕ ಇರುವುದೇ ಒಳ್ಳೆಯದು ಅಂತ ನನಗೂ ಅನಿಸುತ್ತದೆ.

ಅದೇ ದಿನಚರಿಯಲ್ಲಿ ‘ಆರ್‌ಟಿಸಿ’ ಎಂದು ಹುಡುಕಿದರೆ, ಅಲಾರಂ ಒಂದು ದಿನ, ಒಂದು ತಿಂಗಳು ಅಥವಾ ಒಂದು ವರ್ಷದವರೆಗೆ ಎಂದು ಹೇಳುವ ಸಾಲು ಸಾಮಾನ್ಯವಾಗಿ ಇರುತ್ತದೆ. 1984ರ ಐಬಿಎಂ ಪಿಸಿ ಎಟಿಯಲ್ಲಿದ್ದ ಮೊಟೊರೋಲಾ ಚಿಪ್ಪಿನ ಅಲಾರಂಗೆ ಗಂಟೆ, ನಿಮಿಷ, ಸೆಕೆಂಡ್ ಮಾತ್ರ ಗೊತ್ತಿತ್ತು, ತಾರೀಕು ಗೊತ್ತಿರಲಿಲ್ಲ. ತಾರೀಕಿನ ಜಾಗ ಆಮೇಲೆ ಸೇರಿದ್ದು.

ಅದೇ ಯಂತ್ರದಲ್ಲಿ ಲಿನಕ್ಸ್ ಪಕ್ಕ ವಿಂಡೋಸ್ ಕೂಡ ಇದ್ದರೆ ಇನ್ನೊಂದು ತಕರಾರು. ವಿಂಡೋಸ್ ಆರ್‌ಟಿಸಿಯಲ್ಲಿ ಊರಿನ ಸಮಯ ಬರೆಯುತ್ತದೆ, ಲಿನಕ್ಸ್ ಸಾಮಾನ್ಯವಾಗಿ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯ. ಒಂದರಿಂದ ಇನ್ನೊಂದಕ್ಕೆ ಹೋದಾಗ ಗಡಿಯಾರ ಐದೂವರೆ ಗಂಟೆ ಆಚೀಚೆ ಆದರೆ ಕಾರಣ ಇದೇ.

ಮೆಮ್ ಬದಲು ‘ನೋ’ ಎಂದು ಕೊಟ್ಟರೆ ಅಲಾರಂ ಮಾತ್ರ ಇಟ್ಟು ಯಂತ್ರ ಎದ್ದೇ ಇರುತ್ತದೆ. ಹಾಗೆ ಇಟ್ಟು ಮರೆತು, ಮುಚ್ಚಳ ಹಾಕಿ, ಒಮ್ಮೆ ಬ್ಯಾಗಿನೊಳಗೆ ಬಿಸಿ ಇಸ್ತ್ರಿಪೆಟ್ಟಿಗೆಯಂಥ ಲ್ಯಾಪ್‌ಟಾಪ್ ಹೊತ್ತು ತಿರುಗಿದ್ದೇನೆ. ಅಲಾರಂ ರದ್ದು ಮಾಡಲು ‘ಹೈಫನ್ ಎಂ ಡಿಸೇಬಲ್’ ಸಾಕು.