ಸಂಡೂರಿನ ಗಣಿಯಂಚಿನಲ್ಲಿ ಹುಳುಹುಪ್ಪಟೆಗಳ ಲೆಕ್ಕ

ಸಂಡೂರಿನ ಬೆಟ್ಟಸಾಲಿನ ಕಬ್ಬಿಣದ ಅದಿರಿನ ಗಣಿಯೊಂದರ ಸುತ್ತ ಕೀಟಗಳನ್ನೂ ವನ್ಯಜೀವಿಗಳನ್ನೂ ದಾಖಲಿಸುವ ಕೆಲಸ ಒಪ್ಪಿಕೊಂಡಾಗ ನಾನು ಹಾಕಿದ ಷರತ್ತು ಒಂದೇ: ಮಳೆಗಾಲದಲ್ಲಿಯೂ ಬರುತ್ತೇನೆ. ಗಣಿಗಳ ಪರಿಸರ ಪರಿಣಾಮ ಅಧ್ಯಯನಕ್ಕೆ ಸಾಮಾನ್ಯವಾಗಿ ಕೇಳುವುದು ಮಳೆಗಾಲವನ್ನು ಬಿಟ್ಟು ಉಳಿದ ಯಾವುದಾದರೂ ಒಂದು ಋತುವಿನ ಮಾಹಿತಿಯನ್ನು. ಗಾಳಿಯ ದೂಳನ್ನು ಅಳೆಯುವವರಿಗೆ ಈ ನಿಯಮ ಸರಿಯಾಗಿಯೇ ಇದೆ, ಏಕೆಂದರೆ ಮಳೆ ಬಿದ್ದರೆ ದೂಳು ಅಡಗಿ ಅಳತೆ ಕಡಿಮೆ ಬರುತ್ತದೆ. ಆದರೆ ಬಳ್ಳಾರಿ ಸೀಮೆಯ ಕುರುಚಲು ಕಾಡಿನಲ್ಲಿ ಹುಳುಗಳ ಬದುಕು ನಡೆಯುವುದೇ ಮಳೆಯ ತಿಂಗಳುಗಳಲ್ಲಿ. ಏಪ್ರಿಲ್‌ನಲ್ಲಿ ಎಲೆ ಉದುರಿದ ದಿಂಡುಗದ ಮರಗಳ ನಡುವೆ ನಡೆದವನು ಇಲ್ಲಿ ಏನೂ ಇಲ್ಲವೆಂದು ಬರೆದರೆ ಅದು ಸುಳ್ಳಲ್ಲ, ಆದರೆ ಸೆಪ್ಟೆಂಬರ್‌ನಲ್ಲಿ ಅದೇ ಜಾಡಿನಲ್ಲಿ ನಡೆದವನಿಗೆ ಬೇರೆಯೇ ಕಾಡು ಕಾಣುತ್ತದೆ.

ಗಣಿಯ ಗಡಿಯಿಂದ ಹತ್ತು ಕಿಲೋಮೀಟರ್‌ವರೆಗಿನ ಪ್ರದೇಶವನ್ನು ಅಧ್ಯಯನಕ್ಕೆ ತೆಗೆದುಕೊಳ್ಳುವುದು ವಾಡಿಕೆ. ಅಷ್ಟು ವಿಸ್ತಾರವನ್ನು ಕಾಲ್ನಡಿಗೆಯಲ್ಲಿ ಸಮನಾಗಿ ನೋಡುವುದು ಸಾಧ್ಯವಿಲ್ಲವಾದ್ದರಿಂದ, ಅದಿರು ಸಾಗಿಸುವ ಲಾರಿಗಳ ದಾರಿಯನ್ನೇ ಆಧಾರವಾಗಿಟ್ಟುಕೊಂಡು ಅದರ ಅಂಚಿನಲ್ಲಿ, ತುಸು ಒಳಗೆ, ಇನ್ನೂ ದೂರದಲ್ಲಿ ಎಂದು ಜಾಡುಗಳನ್ನು ಗುರುತಿಸಿದೆ. ದೂಳು ತಲುಪದ, ಅದೇ ಬಗೆಯ ಮಣ್ಣು ಮತ್ತು ಮರಗಳಿರುವ ಮತ್ತೊಂದು ಗುಡ್ಡವನ್ನು ಹೋಲಿಕೆಗೆಂದು ಆರಿಸಿಕೊಂಡೆ. ಈ ಎರಡನೆಯ ಗುಡ್ಡವಿಲ್ಲದ ಸಮೀಕ್ಷೆಯಿಂದ ಗಣಿಯ ಬಗ್ಗೆ ಏನನ್ನೂ ಹೇಳಲಾಗದು ಎಂಬುದು ನನ್ನ ಅಭಿಪ್ರಾಯ.

ನೆಲದ ಹುಳುಗಳಿಗೆ ಪ್ಲಾಸ್ಟಿಕ್ ಲೋಟಗಳನ್ನು ಬಾಯಿಯಂಚು ನೆಲಕ್ಕೆ ಸಮನಾಗುವಂತೆ ಹೂತು, ತಳದಲ್ಲಿ ಸೋಪಿನ ನೀರು ಹಾಕಿ, ಮೇಲೆ ಮಳೆಗೆ ಮರೆಯಾಗಿ ಚಪ್ಪಟೆ ಕಲ್ಲೊಂದನ್ನು ಸಣ್ಣ ಕಲ್ಲುಗಳ ಮೇಲೆ ಎತ್ತಿಟ್ಟೆ. ಅಂಚು ಒಂದು ಬೆರಳಷ್ಟು ಮೇಲೆ ನಿಂತರೂ ಇರುವೆಗಳು ಸುತ್ತುಹಾಕಿಕೊಂಡು ಹೋಗುತ್ತವೆ. ಸಗಣಿ ಹುಳುಗಳಿಗೆ ತೆಳುಬಟ್ಟೆಯಲ್ಲಿ ಕಟ್ಟಿದ ಹಸಿ ಸಗಣಿಯನ್ನು ಲೋಟದ ಮೇಲೆ ತೂಗುಬಿಟ್ಟರೆ ಸಾಕು.

ನಿಜವಾದ ತೊಡಕು ಪತಂಗಗಳದ್ದು. ಬಿಳಿ ಪರದೆಯ ಮುಂದೆ ದೀಪ ಹಚ್ಚಿ ಕೂರುವುದು ಎಲ್ಲರಿಗೂ ಗೊತ್ತಿರುವ ವಿಧಾನ, ಚಂದ್ರನಿಲ್ಲದ ರಾತ್ರಿಗಳನ್ನು ಆರಿಸಬೇಕೆಂಬುದೂ ಗೊತ್ತಿರುವುದೇ. ಆದರೆ ಗಣಿಯಲ್ಲಿ ರಾತ್ರಿಪಾಳಿ ನಡೆಯುವಾಗ ಅಲ್ಲಿಯ ದೊಡ್ಡ ದೀಪಗಳೇ ಒಂದೊಂದು ಚಂದ್ರ. ಅವು ಕಾಣುವ ಇಳಿಜಾರಿನಲ್ಲಿ ನನ್ನ ಪರದೆಗೆ ಬಂದ ಪತಂಗಗಳು ಕಡಿಮೆಯಾದರೆ, ಅಲ್ಲಿ ಪತಂಗಗಳೇ ಕಡಿಮೆಯೋ, ಅಥವಾ ದೀಪಗಳು ಅವನ್ನು ಸೆಳೆದುಕೊಂಡವೋ ತಿಳಿಯುವುದಿಲ್ಲ. ಆದ್ದರಿಂದ ಪರದೆಯನ್ನು ಯಾವಾಗಲೂ ಗುಡ್ಡದ ಮರೆಯಲ್ಲಿ, ಗಣಿಯ ಬೆಳಕು ನೇರವಾಗಿ ಬೀಳದ ಜಾಗದಲ್ಲಿಯೇ ಕಟ್ಟಿದೆ. ಬೆಳಗ್ಗೆ ಗಣಿಯ ದೀಪದ ಕಂಬಗಳ ಬುಡದಲ್ಲಿ ಸತ್ತುಬಿದ್ದವನ್ನು ಪ್ರತ್ಯೇಕವಾಗಿ ಎಣಿಸಲು ಅನುಮತಿ ಕೇಳಿ ಪಡೆದೆ.

ಚಿಟ್ಟೆಗಳನ್ನು ಬಿಸಿಲೇರುವ ಹೊತ್ತಿನಲ್ಲಿ, ಒಂದೇ ವೇಗದಲ್ಲಿ ನಡೆಯುತ್ತ, ಜಾಡಿನ ಎರಡೂ ಬದಿಯ ನಿಗದಿತ ಅಗಲದೊಳಗೆ ಕಂಡವನ್ನು ಮಾತ್ರ ಬರೆದುಕೊಂಡೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಎಕ್ಕದ ಎಲೆ ತಿಂದು ಬೆಳೆಯುವ ಪ್ಲೇನ್ ಟೈಗರ್ ಚಿಟ್ಟೆ ಹಕ್ಕಿಗಳ ಬಾಯಿಗೆ ರುಚಿಸುವುದಿಲ್ಲ. ಡನಾಯ್ಡ್ ಎಗ್‌ಫ್ಲೈ ಚಿಟ್ಟೆಯ ಹೆಣ್ಣು ಅದರ ಬಣ್ಣವನ್ನೇ ತೊಟ್ಟು ಬದುಕುತ್ತದೆ. ಹಿಂದಿನ ರೆಕ್ಕೆಯ ನಡುವೆ ಮೂರು ನಾಲ್ಕು ಕಪ್ಪು ಚುಕ್ಕೆಗಳಿದ್ದರೆ ಮೊದಲನೆಯದು, ಮೇಲಂಚಿನಲ್ಲಿ ಒಂದೇ ಇದ್ದರೆ ಎರಡನೆಯದು. ವನ್ಯಜೀವಿ ಕಾಯ್ದೆಯ ಪಟ್ಟಿಗಳು 2022ರ ತಿದ್ದುಪಡಿಯಲ್ಲಿ ಬದಲಾದವು. ಅದಕ್ಕೂ ಮೊದಲು ಡನಾಯ್ಡ್ ಎಗ್‌ಫ್ಲೈ ಮೊದಲ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆ ಕೊಡುವ ಪಟ್ಟಿಯಲ್ಲಿತ್ತು. ಹಳೆಯ ವರದಿಗಳಲ್ಲಿ ಅದರ ಹೆಸರು ಕಾಣದಿದ್ದರೆ, ಇರಲಿಲ್ಲವೆಂದು ನಾನು ಕೂಡಲೇ ನಂಬುವುದಿಲ್ಲ.

ದೊಡ್ಡ ಪ್ರಾಣಿಗಳ ವಿಷಯದಲ್ಲಿ ಕ್ಯಾಮೆರಾಕ್ಕಿಂತ ಹೆಚ್ಚು ಹೇಳಿದ್ದು ಕರಡಿಯ ಹಿಕ್ಕೆ. ಬಾರೆ ಮತ್ತು ಕಕ್ಕೆಯ ಬೀಜಗಳ ಜೊತೆಗೆ ಗೆದ್ದಲು, ಇರುವೆಗಳ ತಲೆಗಳು ಅದರಲ್ಲಿ ಸಿಗುತ್ತವೆ. ಹೀಗಾಗಿ ಅಗೆದ ಹುತ್ತಗಳನ್ನು ಎಣಿಸುವುದು ಕೀಟದ ಪಟ್ಟಿಗೂ ಪ್ರಾಣಿಯ ಪಟ್ಟಿಗೂ ಉಪಯೋಗಕ್ಕೆ ಬರುತ್ತದೆ. ಹುತ್ತಗಳಿರುವ ಇಳಿಜಾರಿನ ಮೇಲೆ ಗಣಿಯ ತ್ಯಾಜ್ಯಮಣ್ಣು ಸುರಿದರೆ ಕರಡಿಗೆ ಕಳೆದುಹೋಗುವುದು ಆಹಾರ, ಆದರೆ ಮರಗಳನ್ನು ಮಾತ್ರ ಲೆಕ್ಕ ಹಾಕುವ ನಕ್ಷೆಯಲ್ಲಿ ಆ ನಷ್ಟ ಕಾಣಿಸುವುದಿಲ್ಲ. ಯಾವ ಹಳ್ಳದಲ್ಲಿ ಕರಡಿ ಮಲಗುತ್ತದೆ ಎಂಬುದನ್ನು ಕುರಿಗಾಹಿಗಳು ಬಲ್ಲರು. "ಹೊತ್ತು ಮುಳುಗೋ ಮೊದ್ಲ ಇಳ್ಕೊಂಡು ಬರ್ರಿ ಸರ" ಎಂದು ಹಿರಿಯರೊಬ್ಬರು ಹೇಳಿದ ಮೇಲೆ, ರಾತ್ರಿಯ ಕೆಲಸಕ್ಕೆ ಅರಣ್ಯ ಇಲಾಖೆಯ ಕಾವಲುಗಾರರಿಲ್ಲದೆ ನಾವು ಹೋಗಲಿಲ್ಲ. ಸ್ಫೋಟದ ಸಮಯವನ್ನಂತೂ ಗಣಿಯವರಿಂದ ದಿನವೂ ಕೇಳಿಕೊಳ್ಳಲೇಬೇಕು.

ವರದಿಯ ಪ್ರತಿಯೊಂದು ಪಟ್ಟಿಯಲ್ಲೂ ಜಾತಿಯ ಹೆಸರಿನ ಪಕ್ಕದಲ್ಲಿ ತಿಂಗಳು, ವಿಧಾನ ಮತ್ತು ಲಾರಿದಾರಿಯಿಂದ ಇರುವ ದೂರವನ್ನು ಬರೆದೆ. ಏನೂ ಸಿಗದ ಲೋಟಗಳಿಗೂ ಒಂದೊಂದು ಸಾಲು ಕೊಟ್ಟೆ. ಪುಟಗಳು ಹೆಚ್ಚಾದವೆಂಬ ಆಕ್ಷೇಪ ಬಂದರೂ ಆ ಸಾಲುಗಳನ್ನು ತೆಗೆಯಲು ನಾನು ಒಪ್ಪಲಿಲ್ಲ.