ಲಂಕೆಗೆ ಮಕ್ಕಳೊಂದಿಗೆ: ಮೊದಲು ತಿಂಗಳು ನೋಡಿ, ಆಮೇಲೆ ಟಿಕೆಟ್

ಮಲೆನಾಡಿನ ಮಕ್ಕಳಿಗೆ ಕಾಡು ಹೊಸದಲ್ಲ. ಸಕ್ರೆಬೈಲಿನ ಆನೆ, ತ್ಯಾವರೆಕೊಪ್ಪದ ಸಿಂಹ, ಮಂಡಗದ್ದೆಯ ಹಕ್ಕಿ ಎಲ್ಲವನ್ನೂ ನೋಡಿಯೇ ಬೆಳೆದಿರುತ್ತಾರೆ. ಕಡಲು ಬೇಕೆಂದರೆ ಹುಲಿಕಲ್ ಘಾಟಿ ಇಳಿದರಾಯಿತು. ಹಾಗಿದ್ದೂ ಪಾಸ್‌ಪೋರ್ಟ್ ಮಾಡಿಸಿ ಶ್ರೀಲಂಕಾಕ್ಕೆ ಹೋಗುವುದಾದರೆ ಇಲ್ಲಿ ಸಿಗದ್ದನ್ನು ಹುಡುಕಿಕೊಂಡು ಹೋಗಬೇಕು: ಬಟ್ಟಬಯಲಲ್ಲಿ ಹಿಂಡುಗಟ್ಟಿ ಮೇಯುವ ಕಾಡಾನೆ, ದೋಣಿಯಲ್ಲಿ ಒಂದೆರಡು ತಾಸು ಹೋದರೆ ಕಾಣುವ ನೀಲಿ ತಿಮಿಂಗಿಲ, ಹವಳದ ಬಂಡೆಯ ಮೇಲೆ ತಿಳಿನೀರು. ಈ ಪ್ರವಾಸ ಹಾಳಾಗುವುದು ಹೋಟೆಲಿನಿಂದಲೋ ಊಟದಿಂದಲೋ ಅಲ್ಲ. ತಪ್ಪು ತಿಂಗಳಲ್ಲಿ ತಪ್ಪು ದಡಕ್ಕೆ ಹೋಗುವುದರಿಂದ.

ಹಂತ 1: ರಜೆ ಯಾವಾಗ, ದಡ ಯಾವುದು

ಶ್ರೀಲಂಕಾ ಚಿಕ್ಕ ದ್ವೀಪವಾದರೂ ಅದಕ್ಕೆ ಎರಡು ಮಳೆಗಾಲ. ಆಗುಂಬೆಗೆ ಜೂನ್‌ನಲ್ಲಿ ಬಂದು ಬಡಿಯುವ ನೈಋತ್ಯ ಮುಂಗಾರು ಅಲ್ಲಿನ ಪಶ್ಚಿಮ ಮತ್ತು ದಕ್ಷಿಣ ದಡಗಳನ್ನು ಮೇ ತಿಂಗಳಲ್ಲೇ ಹಿಡಿಯುತ್ತದೆ. ಸೆಪ್ಟೆಂಬರ್‌ವರೆಗೂ ಅಲೆ ದೊಡ್ಡದು, ನೀರು ಕದಡು. ಆದರೆ ದ್ವೀಪದ ನಡುವಿನ ಬೆಟ್ಟಸಾಲು ಮೋಡವನ್ನು ತಡೆಯುತ್ತದೆ. ತೀರ್ಥಹಳ್ಳಿಯಲ್ಲಿ ಸೋನೆ ಹಿಡಿದಿರುವಾಗ ಚಿತ್ರದುರ್ಗದಲ್ಲಿ ಬಿಸಿಲು ಹೊಡೆಯುವ ಹಾಗೆ, ಅದೇ ತಿಂಗಳುಗಳಲ್ಲಿ ಪೂರ್ವ ದಡ ಒಣಗಿ, ಕಡಲು ಕೆರೆಯಂತೆ ನಿಂತಿರುತ್ತದೆ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಈಶಾನ್ಯ ಮಾರುತ ಬೀಸಿದಾಗ ಲೆಕ್ಕ ತಿರುಗುಮುರುಗು: ಪೂರ್ವಕ್ಕೆ ಮಳೆ, ದಕ್ಷಿಣಕ್ಕೆ ಬಿಸಿಲು.

ಇದನ್ನು ನಮ್ಮ ಶಾಲಾ ರಜೆಗೆ ಹೊಂದಿಸಿ ನೋಡಿ.

ಡಿಸೆಂಬರ್ ಕೊನೆ, ಜನವರಿ: ದಕ್ಷಿಣ ದಡ (ಮಿರಿಸ್ಸ, ವೆಲಿಗಾಮ, ಉನವಟುನ). ತಿಮಿಂಗಿಲದ ಕಾಲ ನವೆಂಬರ್‌ನಿಂದ ಏಪ್ರಿಲ್‌ವರೆಗೆ. ಹವೆಯೂ ಚೆನ್ನ, ದರವೂ ಜಾಸ್ತಿ. ಅಡಿಕೆ ತೋಟದವರಿಗೆ ಇದು ಕೊನೆಕೊಯ್ಲಿನ ಕಾಲ ಎಂಬುದೊಂದೇ ತೊಡಕು. ಫಸಲನ್ನು ಚೇಣಿಗೆ (ಗುತ್ತಿಗೆಗೆ) ಕೊಟ್ಟವರು ನಿಶ್ಚಿಂತೆಯಿಂದ ಹೊರಡಬಹುದು.

ಏಪ್ರಿಲ್ ಎರಡನೇ ಭಾಗ: ದಕ್ಷಿಣದ ಋತು ಮುಗಿಯುತ್ತಾ ಬಂದಿರುತ್ತದೆ. ಬೆಳಿಗ್ಗೆ ತಿಳಿ, ಮಧ್ಯಾಹ್ನದ ಮೇಲೆ ಗುಡುಗು. ಏಪ್ರಿಲ್ 13–14ರಂದು ಸಿಂಹಳ ಮತ್ತು ತಮಿಳು ಹೊಸ ವರ್ಷ. ಆ ವಾರ ಅಂಗಡಿ ಮುಚ್ಚಿರುತ್ತವೆ, ಚಾಲಕರು ಊರಿಗೆ ಹೋಗಿರುತ್ತಾರೆ, ಉದ್ಯಾನಗಳಲ್ಲಿ ಸ್ಥಳೀಯರ ಜಾತ್ರೆ. ಹಬ್ಬ ಕಳೆದ ಮೂರ್ನಾಲ್ಕು ದಿನದ ನಂತರ ಇಳಿಯುವುದೇ ಲೇಸು.

ಮೇ: ದಕ್ಷಿಣ ಬಿಟ್ಟು ಪೂರ್ವಕ್ಕೆ, ಅಂದರೆ ತ್ರಿಂಕೋಮಲಿ ಪಕ್ಕದ ನಿಲಾವೆಲಿ, ಉಪ್ಪುವೆಲಿ ಅಥವಾ ಪಾಸಿಕುಡಾಕ್ಕೆ ಹೋಗಿ.

ಆಗಸ್ಟ್: ಕಾಡು–ಕಡಲು ಎರಡೂ ಒಟ್ಟಿಗೆ ಹದವಾಗಿ ಸಿಗುವ ತಿಂಗಳು ಇದೇ. ಮಿನ್ನೇರಿಯ ಕೆರೆಯ ಸುತ್ತ ಆನೆಗಳು ಸೇರುತ್ತವೆ, ಅಲ್ಲಿಂದ ಎರಡು ತಾಸಿಗೆ ತ್ರಿಂಕೋಮಲಿಯ ಶಾಂತ ಕಡಲು. ಶಾಲೆಗೆ ನಾಲ್ಕು ದಿನ ಚಕ್ಕರ್ ಹಾಕಿಸುವ ಧೈರ್ಯವಿದ್ದರೆ ಇದನ್ನೇ ಆರಿಸಿಕೊಳ್ಳಿ.

ದಸರಾ ರಜೆ: ಬೇಡ. ಅಕ್ಟೋಬರ್–ನವೆಂಬರ್ ಎರಡು ಮಾರುತಗಳ ನಡುವಿನ ಸಂಧಿಕಾಲ, ಮಳೆ ಯಾವ ದಡಕ್ಕೂ ಬರಬಹುದು. ಯಾಲ ಉದ್ಯಾನದ ಒಂದನೇ ಬ್ಲಾಕನ್ನೂ ಬರದ ಕಾರಣಕ್ಕೆ ಸಾಮಾನ್ಯವಾಗಿ ಸೆಪ್ಟೆಂಬರ್‌ನಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚಿರುತ್ತಾರೆ.

ಇನ್ನೊಂದು ಮಾತು, ಪಂಚಾಂಗ ತೆಗೆದು ಹುಣ್ಣಿಮೆ ಎಂದು ನೋಡಿ. ಅಲ್ಲಿ ಪ್ರತಿ ಹುಣ್ಣಿಮೆಯೂ ಪೋಯ ಎಂಬ ಸಾರ್ವಜನಿಕ ರಜೆ. ಸಫಾರಿಯನ್ನು ಆ ದಿನಕ್ಕೂ ಅದಕ್ಕಂಟಿದ ವಾರಾಂತ್ಯಕ್ಕೂ ಇಟ್ಟುಕೊಂಡರೆ ಆನೆಗಿಂತ ಜೀಪುಗಳೇ ಹೆಚ್ಚು ಕಾಣುತ್ತವೆ.

ಹಂತ 2: ಕಾಗದಪತ್ರ

ಪಾಸ್‌ಪೋರ್ಟ್ ಇಲ್ಲದವರು ಮೂರು ತಿಂಗಳ ಮೊದಲೇ ಅರ್ಜಿ ಹಾಕಿ. 36 ಪುಟದ ಸಾಮಾನ್ಯ ಪಾಸ್‌ಪೋರ್ಟಿಗೆ ದೊಡ್ಡವರಿಗೆ 1,500 ರೂಪಾಯಿ, ಮಕ್ಕಳಿಗೆ 1,000. ಮಕ್ಕಳ ಪಾಸ್‌ಪೋರ್ಟಿನ ಅವಧಿ ಐದೇ ವರ್ಷ. ಒಂದನೇ ತರಗತಿಯಲ್ಲಿ ಮಾಡಿಸಿದ್ದು ಆರನೆಯ ಹೊತ್ತಿಗೆ ಮುಗಿದಿರುತ್ತದೆ, ತೆಗೆದು ನೋಡಿ. ಪ್ರಯಾಣದ ದಿನದಿಂದ ಕನಿಷ್ಠ ಆರು ತಿಂಗಳು ಅವಧಿ ಉಳಿದಿರಬೇಕು. ಮಕ್ಕಳ ಅರ್ಜಿಗೆ ತಂದೆ ತಾಯಿ ಇಬ್ಬರೂ ಸಹಿ ಮಾಡಿದ ಅನುಬಂಧ ‘ಡಿ’ ಎಂಬ ಘೋಷಣಾ ಪತ್ರ ಬೇಕು.

ನಮ್ಮ ಕಡೆಯವರು ಸಿಕ್ಕಿಬೀಳುವುದು ಇನಿಷಿಯಲ್‌ನಲ್ಲಿ. ಆಧಾರ್‌ನಲ್ಲಿ ‘ಎಚ್. ಕೆ.’ ಎಂದಿರುತ್ತದೆ, ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಊರು, ತಂದೆಯ ಹೆಸರು ಎಂದು ಬರೆದಿರುತ್ತಾರೆ. ವಿಮಾನದ ಟಿಕೆಟ್ಟೂ ಪ್ರವೇಶ ಅನುಮತಿಯ ಅರ್ಜಿಯೂ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಬೇಕು, ಅಕ್ಷರವೂ ಹೆಚ್ಚುಕಮ್ಮಿ ಆಗಬಾರದು. ಇಟಿಎ ಎಂಬ ಈ ಅನುಮತಿ ಮಗುವಿಗೂ ಪ್ರತ್ಯೇಕವಾಗಿಯೇ ಬೇಕು. ಭಾರತೀಯರಿಗೆ ಅದರ ಶುಲ್ಕದ ನಿಯಮ ಈಚಿನ ವರ್ಷಗಳಲ್ಲಿ ಪದೇ ಪದೇ ಬದಲಾಗಿದೆ. ಆದ್ದರಿಂದ ಟಿಕೆಟ್ ಕೊಳ್ಳುವ ದಿನವೇ ಶ್ರೀಲಂಕಾ ಸರ್ಕಾರದ ಅಧಿಕೃತ ಜಾಲತಾಣದಲ್ಲಿ ನೋಡಿಕೊಳ್ಳಿ. ಅದನ್ನೇ ಹೋಲುವ ಖಾಸಗಿ ತಾಣಗಳು ಮೇಲೊಂದಿಷ್ಟು ಹಣ ಕೀಳುತ್ತವೆ.

ಹಂತ 3: ಶಿವಮೊಗ್ಗದಿಂದ ಹೊರಡುವುದು

ಬೆಂಗಳೂರಿನಿಂದ ಕೊಲಂಬೊ ಒಂದೂವರೆ ತಾಸಿನ ಹಾರಾಟ. ಶಿವಮೊಗ್ಗದಿಂದ ದೇವನಹಳ್ಳಿ ಮುಟ್ಟುವುದೇ ಅದಕ್ಕಿಂತ ದೊಡ್ಡ ಪ್ರಯಾಣ. ರಾತ್ರಿ ರೈಲಿನಲ್ಲಿ ಹೋಗಿ ಬೆಳಗಿನ ವಿಮಾನ ಹಿಡಿಯುವ ಲೆಕ್ಕ ಹಾಕಬೇಡಿ. ರೈಲು ಒಂದು ತಾಸು ತಡವಾದರೆ ಮುಗಿಯಿತು, ಅಂತರರಾಷ್ಟ್ರೀಯ ವಿಮಾನಕ್ಕೆ ಮೂರು ತಾಸು ಮುಂಚೆ ಅಲ್ಲಿರಬೇಕು. ಹಿಂದಿನ ದಿನ ಬೆಳಗಿನ ಜನಶತಾಬ್ದಿಯಲ್ಲಿ ಹೋಗಿ ವಿಮಾನ ನಿಲ್ದಾಣದ ಬಳಿ ಉಳಿಯುವುದು ಮಕ್ಕಳಿರುವವರಿಗೆ ಕ್ಷೇಮ. ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ವಿಮಾನವಿರುವ ದಿನವಾದರೂ ಎರಡು ಟಿಕೆಟ್ ಬೇರೆ ಬೇರೆ ಕೊಂಡಿದ್ದರೆ ಮೊದಲನೆಯದು ರದ್ದಾದಾಗ ಎರಡನೆಯದಕ್ಕೆ ಯಾರೂ ಹೊಣೆಯಲ್ಲ. ಮಳೆಗಾಲದಲ್ಲಿ ಇದನ್ನು ಮರೆಯಬಾರದು.

ಹಂತ 4: ದಿನಗಳನ್ನು ಹಂಚುವುದು

ಏಳೆಂಟು ರಾತ್ರಿಗೆ ಎರಡೇ ಠಾವು ಸಾಕು. ಕ್ಯಾಂಡಿ, ನುವಾರ ಎಲಿಯ, ಸಿಗಿರಿಯ, ಯಾಲ, ಗಾಲೆ ಎಲ್ಲವನ್ನೂ ತುರುಕಿದ ಪ್ಯಾಕೇಜ್ ತಂದು ತೋರಿಸುತ್ತಾರೆ. ಅದರಲ್ಲಿ ಮಕ್ಕಳು ನೋಡುವುದು ವ್ಯಾನಿನ ಕಿಟಕಿಯನ್ನು. ಎಕ್ಸ್‌ಪ್ರೆಸ್‌ವೇ ಬಿಟ್ಟರೆ ಅಲ್ಲಿನ ರಸ್ತೆಯಲ್ಲಿ ತಾಸಿಗೆ 35–40 ಕಿ.ಮೀ. ಎಂದೇ ಲೆಕ್ಕ ಹಿಡಿಯಬೇಕು. ಬೆಟ್ಟದ ಚಹಾ ತೋಟವನ್ನು ಕೊಪ್ಪ–ಬಾಳೆಹೊನ್ನೂರು ಸುತ್ತ ನೋಡಿದವರಿಗೆ ನುವಾರ ಎಲಿಯಕ್ಕೆ ಅರ್ಧ ದಿನ ಸುಡುವ ಅಗತ್ಯ ಕಾಣುವುದಿಲ್ಲ. ಸಿಂಹರಾಜ ಮಳೆಕಾಡೂ ಅಷ್ಟೆ. ಅದು 1988ರಿಂದ ವಿಶ್ವ ಪರಂಪರೆಯ ತಾಣ, ಹಕ್ಕಿ ನೋಡುವವರಿಗೆ ಸ್ವರ್ಗ, ನಿಜ. ಆದರೆ ಮರ, ಮಂಜು, ಮಳೆ, ಉಂಬಳ ಇವಿಷ್ಟನ್ನು ಮಕ್ಕಳಿಗೆ ತೋರಿಸಲು ಕಡಲು ದಾಟಬೇಕಿಲ್ಲ.

ದಕ್ಷಿಣದ ಯೋಜನೆ ಹೀಗಿರಲಿ. ಕಟುನಾಯಕೆ ವಿಮಾನ ನಿಲ್ದಾಣದಲ್ಲಿ ಇಳಿದು ಮೊದಲ ರಾತ್ರಿ ಪಕ್ಕದ ನೆಗೊಂಬೊದಲ್ಲಿ. ಮರುದಿನ ಆನೆಗಳ ಉದ್ಯಾನವಿರುವ ಉಡವಲವೆ, ಅಲ್ಲಿ ಎರಡು ರಾತ್ರಿ. ಅಲ್ಲಿಂದ ಎರಡೂವರೆ–ಮೂರು ತಾಸಿಗೆ ಮಿರಿಸ್ಸ ಅಥವಾ ವೆಲಿಗಾಮ, ನಾಲ್ಕು ರಾತ್ರಿ. ಕೊನೆಗೆ ದಕ್ಷಿಣ ಎಕ್ಸ್‌ಪ್ರೆಸ್‌ವೇ ಹಿಡಿದರೆ ಮೂರು ತಾಸಿನ ಆಸುಪಾಸಿನಲ್ಲಿ ವಿಮಾನ ನಿಲ್ದಾಣ. ಸಫಾರಿ ಮೊದಲು, ಕಡಲು ನಂತರ. ಈ ಕ್ರಮ ತಪ್ಪಿಸಬೇಡಿ. ನಾಲ್ಕು ದಿನ ಮರಳಲ್ಲಿ ಹೊರಳಿದ ಮಕ್ಕಳನ್ನು ಬೆಳಗಿನ ನಾಲ್ಕೂವರೆಗೆ ಎಬ್ಬಿಸುವುದು ದೇವರಿಗೂ ಸಾಧ್ಯವಿಲ್ಲ.

ಪೂರ್ವದ ಯೋಜನೆಯಲ್ಲಿ ಮಿನ್ನೇರಿಯಕ್ಕೆ ಹತ್ತಿರದ ಹಬರಣದಲ್ಲಿ ಮೂರು ರಾತ್ರಿ, ನಿಲಾವೆಲಿಯಲ್ಲಿ ಮೂರು ಅಥವಾ ನಾಲ್ಕು. ಕಟುನಾಯಕೆಯಿಂದ ಹಬರಣಕ್ಕೆ ಸುಮಾರು ನಾಲ್ಕು ತಾಸು.

ವ್ಯಾನ್ ಗೊತ್ತುಮಾಡುವಾಗ ನಾಲ್ಕು ಪ್ರಶ್ನೆ ಕೇಳಿ ಬರಹದಲ್ಲಿ ಉತ್ತರ ಪಡೆಯಿರಿ: ದಿನಕ್ಕೆ ಎಷ್ಟು ಕಿ.ಮೀ. ಸೇರಿದೆ, ಎಕ್ಸ್‌ಪ್ರೆಸ್‌ವೇ ಸುಂಕ ಯಾರದು, ಚಾಲಕನ ಊಟ–ವಸತಿ ಯಾರದು, ಮಗುವಿನ ಸೀಟ್ ಇದೆಯೇ. ಕೊನೆಯದಕ್ಕೆ ಬಹುತೇಕ ‘ಇಲ್ಲ’ ಎಂದೇ ಬರುತ್ತದೆ. ಬೇಕಿದ್ದರೆ ಮನೆಯಿಂದ ಒಯ್ಯಿರಿ.

ಹಂತ 5: ಸಫಾರಿ

ಚಿರತೆಗೆ ಯಾಲ ಹೆಸರುವಾಸಿ. ಲಂಕೆಯಲ್ಲಿ ಹುಲಿಯಿಲ್ಲದ ಕಾರಣ ಅಲ್ಲಿ ಚಿರತೆಯೇ ಕಾಡಿನ ಯಜಮಾನ. ಆದರೆ ಒಂದು ಚಿರತೆ ಕಂಡರೆ ಚಾಲಕರೆಲ್ಲ ಫೋನಿನಲ್ಲಿ ಸುದ್ದಿ ಹಂಚಿ, ಇಪ್ಪತ್ತು ಮೂವತ್ತು ಜೀಪು ಮುಗಿಬೀಳುತ್ತವೆ. ಹತ್ತು ವರ್ಷದೊಳಗಿನ ಮಕ್ಕಳಿದ್ದರೆ ಉಡವಲವೆಯೇ ಸರಿ. 1972ರಲ್ಲಿ ಘೋಷಿತವಾದ ಈ ಉದ್ಯಾನ ಜಲಾಶಯದ ಸುತ್ತಲಿನ ಹುಲ್ಲುಗಾವಲು. ವರ್ಷದ ಯಾವ ತಿಂಗಳಿಗೂ ಆನೆ ಕಾಣದೆ ಹಿಂದಿರುಗುವುದು ಅಪರೂಪ. ದಂತವಿರುವ ಗಂಡಾನೆ ಮಾತ್ರ ಬಲು ಕಡಿಮೆ. ಮಕ್ಕಳಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಕಂಡದ್ದನ್ನೆಲ್ಲ ಹೆಣ್ಣಾನೆ ಎಂದುಕೊಳ್ಳುತ್ತಾರೆ.

ಉದ್ಯಾನದ ಪಕ್ಕದಲ್ಲೇ ಅನಾಥ ಮರಿಯಾನೆಗಳ ಕೇಂದ್ರವಿದೆ. ಹಾಲೂಡಿಸುವ ಹೊತ್ತಿಗೆ ಕಟ್ಟೆಯ ಮೇಲೆ ಕೂತು ನೋಡಬಹುದು. ಮುಟ್ಟುವಂತಿಲ್ಲ, ಏಕೆಂದರೆ ಅವು ಮತ್ತೆ ಕಾಡಿಗೆ ಹೋಗಬೇಕಾದವು. ಸ್ನಾನ ಮಾಡಿಸಿ, ಸವಾರಿ ಮಾಡಿ ಎಂದು ಕರೆಯುವ ಖಾಸಗಿ ಜಾಗಗಳಿಗೆ ಹೋಗಬೇಡಿ. ಉಡವಲವೆಯ ರಸ್ತೆ ಬದಿಯ ವಿದ್ಯುತ್ ಬೇಲಿಯ ಬಳಿ ಬಾಳೆಹಣ್ಣಿಗೆ ಕಾಯುವ ಆನೆಗಳಿಗೂ ಏನನ್ನೂ ಕೊಡಬೇಡಿ. ಹಣ್ಣಿನ ರುಚಿ ಹತ್ತಿದ ಆನೆ ನಾಳೆ ಬೇಲಿ ಮುರಿದು ಊರೊಳಗೆ ಬರುತ್ತದೆ. ತೋಟಕ್ಕೆ ಆನೆ ನುಗ್ಗುವುದು ಏನೆಂದು ನಮ್ಮವರಿಗೆ ವಿವರಿಸಬೇಕಿಲ್ಲ.

ಆಗಸ್ಟ್‌ನಲ್ಲಿ ಹೋಗುವವರಿಗೆ ಮಿನ್ನೇರಿಯ. ಮೂರನೇ ಶತಮಾನದಲ್ಲಿ ಮಹಾಸೇನ ರಾಜ ಕಟ್ಟಿಸಿದ ಕೆರೆ ಅದು. ಅಲ್ಲಿನ ಒಣಗಾಲದಲ್ಲಿ ನೀರು ಇಳಿದಂತೆ ಅಂಗಳದಲ್ಲಿ ಹಸಿ ಹುಲ್ಲು ಚಿಗುರುತ್ತದೆ, ಅದನ್ನು ಮೇಯಲು ಸುತ್ತಲಿನ ಕಾಡಿನಿಂದ ಆನೆಗಳು ಬಂದು ಸೇರುತ್ತವೆ. ಕೆರೆಗೆ ಬೇರೆಡೆಯಿಂದ ನೀರು ಬಿಟ್ಟ ವರ್ಷ ಹುಲ್ಲೂ ಇಲ್ಲ, ಆನೆಯೂ ಇಲ್ಲ. ಹಾಗಾಗಿ ಮುಂಗಡವಾಗಿ ‘ಮಿನ್ನೇರಿಯ ಸಫಾರಿ’ ಎಂದು ಹಣ ಕಟ್ಟಬೇಡಿ. ಆನೆಗಳು ಆ ವಾರ ಮಿನ್ನೇರಿಯದಲ್ಲಿವೆಯೋ ಕೌಡುಲ್ಲದಲ್ಲೋ ಹುರುಲು ಕಾಡಿನಲ್ಲೋ ಎಂದು ಹಬರಣದಲ್ಲಿ ಅವತ್ತೇ ವಿಚಾರಿಸಿ, ಮಧ್ಯಾಹ್ನ ಮೂರರ ಹೊತ್ತಿಗೆ ಹೊರಡಿ.

ಜೀಪು ಬಾಡಿಗೆ ಬೇರೆ, ಉದ್ಯಾನದ ಟಿಕೆಟ್ ಬೇರೆ. ಟಿಕೆಟ್‌ನಲ್ಲೂ ತಲೆಗಿಷ್ಟು ಎಂಬುದರ ಮೇಲೆ ಗುಂಪಿಗೊಂದು ಸೇವಾ ಶುಲ್ಕ, ವಾಹನ ಶುಲ್ಕ, ತೆರಿಗೆ ಸೇರುತ್ತವೆ. ಅದಕ್ಕೇ ಎರಡು ಕುಟುಂಬ ಒಂದು ಜೀಪಿನಲ್ಲಿ ಹೋದರೆ ಉಳಿತಾಯ. ಅರ್ಧ ದಿನದ ಸಫಾರಿಯೇ ಸಾಕು. ಒಳಗೆ ಎಲ್ಲೆಂದರಲ್ಲಿ ಇಳಿಯುವಂತಿಲ್ಲ, ಹತ್ತು ಗಂಟೆಯ ನಂತರ ಬಿಸಿಲು, ಧೂಳು, ಶೌಚದ ಗೋಳು. ಹೊರಡುವ ಮೊದಲು ಮಕ್ಕಳಿಗೆ ಶೌಚ ಮಾಡಿಸಿ, ಮುಖಕ್ಕೆ ಕಟ್ಟಲು ತೆಳು ಟವೆಲ್, ತಲೆಗೆ ದಾರವಿರುವ ಟೊಪ್ಪಿ ಕೊಡಿ. ದಾರವಿಲ್ಲದ್ದು ಮೊದಲ ತಿರುವಿನಲ್ಲೇ ಹಾರಿಹೋಗುತ್ತದೆ.

ಹಂತ 6: ತಿಮಿಂಗಿಲ

ಮಿರಿಸ್ಸ ಬಂದರಿನಿಂದ ದೋಣಿಗಳು ಬೆಳಿಗ್ಗೆ ಆರೂವರೆಯ ಹೊತ್ತಿಗೆ ಬಿಡುತ್ತವೆ. ಹೋಗಿಬರಲು ಮೂರರಿಂದ ಐದು ತಾಸು. ದಡಕ್ಕೆ ತಲುಪಿದ ಮರುದಿನವೇ ಇದನ್ನು ಇಟ್ಟುಕೊಳ್ಳಿ. ಗಾಳಿ ಹೆಚ್ಚಾಗಿ ದೋಣಿ ನಿಂತರೆ ಇನ್ನೂ ಎರಡು ಬೆಳಗು ಕೈಯಲ್ಲಿರುತ್ತವೆ. ಕೊನೆಯ ದಿನಕ್ಕೆ ಇಟ್ಟವರು ಬರಿಗೈಯಲ್ಲಿ ಮರಳುತ್ತಾರೆ.

ಓಕರಿಕೆಯನ್ನು ಹಗುರವಾಗಿ ತಗೋಬೇಡಿ. ಘಾಟಿ ರಸ್ತೆಯಲ್ಲಿ ವಾಂತಿ ಮಾಡುವ ಮಗು ಇಲ್ಲಿ ಖಂಡಿತ ಮಾಡುತ್ತದೆ. ವೈದ್ಯರನ್ನು ಕೇಳಿ ವಯಸ್ಸಿಗೆ ತಕ್ಕ ಮಾತ್ರೆ ಬರೆಸಿಕೊಂಡು ಹೋಗಿ, ದೋಣಿ ಹತ್ತುವ ಮುಕ್ಕಾಲು ತಾಸು ಮೊದಲೇ ಕೊಡಿ. ಅಲೆ ಶುರುವಾದ ಮೇಲೆ ಕೊಟ್ಟದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಖಾಲಿ ಹೊಟ್ಟೆಯೂ ಬೇಡ, ಎಣ್ಣೆ ತಿಂಡಿಯೂ ಬೇಡ. ಬ್ರೆಡ್ ಅಥವಾ ಬಾಳೆಹಣ್ಣು ಸಾಕು. ದೋಣಿಯ ಹಿಂಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೂತರೆ ತೂಗಾಟ ಕಡಿಮೆ. ಡೀಸೆಲ್ ಹೊಗೆ ಬರುವ ಕಡೆ ಮಾತ್ರ ಬೇಡ. ಕಣ್ಣು ಫೋನಿನ ಮೇಲಲ್ಲ, ಬಾನಂಚಿನ ಮೇಲಿರಲಿ.

ಕಾಣುವುದು ಏನು? ಮೊದಲು ದೂರದಲ್ಲಿ ಹಬೆಯ ಕಂಬದಂಥ ಉಸಿರು, ಹಿಂದೆಯೇ ನೀರಿನ ಮೇಲೆ ಉದ್ದಕ್ಕೆ ಜಾರುವ ಬೂದುನೀಲಿ ಬೆನ್ನು, ಅದೃಷ್ಟವಿದ್ದರೆ ಮುಳುಗುವಾಗ ಎತ್ತಿದ ಬಾಲ. ಆಮೇಲೆ ಹತ್ತು ನಿಮಿಷ ಏನೂ ಇಲ್ಲ. ದೋಣಿಗಳು ತಿಮಿಂಗಿಲದಿಂದ 100 ಮೀಟರ್ ದೂರ ಇರಬೇಕೆಂಬ ನಿಯಮವಿದೆ. ಅದನ್ನು ಪಾಲಿಸುತ್ತೀರಾ, ಎಲ್ಲರಿಗೂ ಮಕ್ಕಳ ಅಳತೆಯದ್ದೂ ಸೇರಿ ಲೈಫ್ ಜಾಕೆಟ್ ಇದೆಯಾ ಎಂದು ದುಡ್ಡು ಕೊಡುವ ಮೊದಲೇ ಕೇಳಿ.

ಹಂತ 7: ನೀರಿಗಿಳಿಯುವುದು

ತುಂಗೆಯಲ್ಲೋ ತೋಟದ ಕೆರೆಯಲ್ಲೋ ಈಜು ಕಲಿತವರಿಗೆ ಕಡಲು ಬೇರೆಯೇ ಲೆಕ್ಕ. ದಡಕ್ಕೆ ಬಂದ ನೀರು ಹಿಂದೆ ಹೋಗಲು ಒಂದು ಕಿರಿದಾದ ಓಣಿ ಮಾಡಿಕೊಂಡು ಒಳಕ್ಕೆ ಸೆಳೆಯುತ್ತದೆ. ಎರಡೂ ಬದಿಯಲ್ಲಿ ನೊರೆಯಲೆ ಒಡೆಯುತ್ತಿರುವಾಗ ನಡುವೆ ಅಲೆಯೇ ಇಲ್ಲದೆ ಕಪ್ಪಗೆ, ಸಮತಟ್ಟಾಗಿ ಕಾಣುವ ಪಟ್ಟಿಯೇ ಆ ಓಣಿ. ನೋಡಲು ಅದೇ ಅತಿ ಶಾಂತ ಜಾಗ, ಅಲ್ಲಿಗೇ ಜನ ಮಕ್ಕಳನ್ನು ಇಳಿಸುತ್ತಾರೆ. ಸೆಳೆತಕ್ಕೆ ಸಿಕ್ಕರೆ ದಡದ ಕಡೆ ಗುದ್ದಾಡಬಾರದು. ತೇಲಬೇಕು, ದಡಕ್ಕೆ ಸಮಾನಾಂತರವಾಗಿ ಈಜಿ ಓಣಿಯಿಂದ ಹೊರಬಂದು, ಆಮೇಲೆ ದಡಕ್ಕೆ ತಿರುಗಬೇಕು. ಕೆಂಪು ಬಾವುಟ ಇದ್ದ ದಿನ ಮೊಣಕಾಲಿನವರೆಗೂ ಬೇಡ.

ಚಿಕ್ಕವರಿಗೆ ದಕ್ಷಿಣದಲ್ಲಿ ಮಾತರ ಪಕ್ಕದ ಪೊಲ್ಹೇನ ಒಳ್ಳೆಯದು, ಹವಳದ ದಿಬ್ಬ ಅಲೆಯನ್ನು ಹೊರಗೇ ತಡೆಯುತ್ತದೆ. ತಂಗಾಲೆಯ ಉದ್ದನೆ ದಡ ಚಿತ್ರಕ್ಕೆ ಚೆಂದ, ಈಜಿಗೆ ಅಪಾಯ. ಪೂರ್ವದಲ್ಲಿ ಪಾಸಿಕುಡಾ ಬಹುದೂರದವರೆಗೂ ಸೊಂಟದಾಳ. ನಿಲಾವೆಲಿಯ ಎದುರಿಗಿರುವ ಪಾರಿವಾಳ ದ್ವೀಪ ರಾಷ್ಟ್ರೀಯ ಉದ್ಯಾನದಲ್ಲಿ ಹವಳ, ಕಡಲಾಮೆ, ಮನುಷ್ಯರ ತಂಟೆಗೆ ಬರದ ಕಪ್ಪು ತುದಿಯ ಪುಟ್ಟ ಶಾರ್ಕ್ ಕಾಣಸಿಗುತ್ತವೆ. ಹವಳದ ಮೇಲೆ ನಿಂತರೆ ಹವಳವೂ ಸಾಯುತ್ತದೆ, ಕಾಲೂ ಸೀಳುತ್ತದೆ. ಬೆಳಿಗ್ಗೆ ಮೊದಲ ದೋಣಿಗೇ ಹೋಗಿ.

ಊಟ, ಹಣ, ಚಿಲ್ಲರೆ ಸಂಗತಿ

ಅನ್ನ, ಬೇಳೆ, ಆಪ್ಪ, ಒತ್ತುಶ್ಯಾವಿಗೆ, ಎಳೆ ಹಲಸಿನ ಪಲ್ಯ. ಊಟ ನಮ್ಮದಕ್ಕೆ ಹತ್ತಿರವೇ. ಸಸ್ಯಾಹಾರಿಗಳು ಎಚ್ಚರವಿರಬೇಕಾದದ್ದು ತೆಂಗಿನ ಕಾಯಿಯ ಸಂಬೋಲ ಎಂಬ ಚಟ್ನಿಯಲ್ಲಿ. ಒಣಗಿಸಿದ ಮಾಲ್ದೀವ್ ಮೀನಿನ ಪುಡಿಯನ್ನು ಅದಕ್ಕೂ ಕೆಲವು ತರಕಾರಿ ಪಲ್ಯಕ್ಕೂ ಹಾಕುತ್ತಾರೆ. ‘ಮಾಂಸ ಬೇಡ’ ಎಂದರೆ ಸಾಲದು, ‘ಮೀನಿನ ಪುಡಿಯೂ ಬೇಡ’ ಎನ್ನಬೇಕು. ತ್ರಿಂಕೋಮಲಿಯ ತಮಿಳು ಸಸ್ಯಾಹಾರಿ ಹೋಟೆಲುಗಳಲ್ಲಿ ಈ ಚಿಂತೆಯಿಲ್ಲ.

ಯುಪಿಐ 2024ರ ಫೆಬ್ರುವರಿಯಿಂದ ಅಲ್ಲಿಯೂ ಇದೆ. ಆದರೆ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಪಾವತಿಯನ್ನು ಚಾಲೂ ಮಾಡಿಕೊಂಡಿರಬೇಕು, ಹಳ್ಳಿಯ ಜೀಪಿನವನಿಗೆ ನಗದೇ ಬೇಕು. ಹೊಸ ಕಟ್ಟಡಗಳಲ್ಲಿ ಮೂರು ಚೌಕ ಪಿನ್ನಿನ ಸಾಕೆಟ್ ಇರುತ್ತದೆ, ಒಂದು ಅಡಾಪ್ಟರ್ ಇರಲಿ. ಮಲೇರಿಯಾ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಘೋಷಿಸಿದ ದೇಶವದು, ಡೆಂಗಿ ಮಾತ್ರ ಇದೆ. ಆದ್ದರಿಂದ ಸೊಳ್ಳೆಯ ಮುಲಾಮು ಹಗಲಿಗೂ ಬೇಕು.

ಮಕ್ಕಳು ಹವಳದ ಚೂರು, ಚಿಪ್ಪು ಆರಿಸಿ ಜೇಬಿಗೆ ತುಂಬಿಕೊಂಡಿರುತ್ತಾರೆ. ಅವನ್ನು ಹೊರದೇಶಕ್ಕೆ ಒಯ್ಯುವಂತಿಲ್ಲ, ಕಸ್ಟಮ್ಸ್‌ನಲ್ಲಿ ಸಿಕ್ಕಿಬೀಳುವ ಮೊದಲು ದಡದಲ್ಲೇ ಜೇಬು ಕೊಡವಿಸಿ. ವಾಪಸು ವಿಮಾನ ಬೆಂಗಳೂರಿಗೆ ಸಂಜೆ ಏಳರ ನಂತರ ಇಳಿಯುವುದಾದರೆ ಅಂದಿನ ರಾತ್ರಿ ರೈಲನ್ನು ನೆಚ್ಚಬೇಡಿ. ವಲಸೆ ಸಾಲು, ಲಗೇಜು, ಹೆಬ್ಬಾಳದ ವಾಹನ ದಟ್ಟಣೆ ಸೇರಿ ಮೂರು ತಾಸು ಹೋಗುತ್ತದೆ. ಮರುದಿನದ ಟಿಕೆಟ್ಟನ್ನೇ ಮಾಡಿಸಿಡಿ.